ಹುಳ ತಿಂದಿದ್ದಲ್ಲ

ಮೊನ್ನೆ ಬೆಳಿಗ್ಗೆ ಪಕ್ಕದ ಫ್ಲಾಟಿನಾಕೆ ಬಂದು ಒಂದು ಹಿಡಿ ಸಾಂಬಾರ್ ಈರುಳ್ಳಿ ಕೇಳಿದರು. ಅಡುಗೆಗೆ ಇರಬೇಕೆಂದು ಬುಟ್ಟಿ ಮುಂದಿಟ್ಟೆ. "ಅಡುಗೆಗಲ್ಲ ಕಣ್ರೀ, ಮಗಳ ತಲೇಲಿ ಒಂದ್ ಕಡೆ ಕೂದ್ಲೇ ಇಲ್ಲ, ಬರೀ ತುಂಡು ತುಂಡು. ಹುಳ ತಿಂದಿದೆ ಅನ್ಸುತ್ತೆ, ಉಜ್ಜೋಣ ಅಂತ" ಎಂದರು. ನಾನು ಸುಲಿಯುತ್ತಿದ್ದ ಈರುಳ್ಳಿಯ ಘಾಟು ಮೂಗಿಗೆ ಅಡರಿತು. ಮೈಯೆಲ್ಲ ಉರಿದುಹೋಯಿತು... ಮೇಲಿನ ಮನೆ ಹುಡುಗಿ ನೆನಪಾದಳು.

ಆಗ ನಾವು ರಾಜಾಜಿನಗರದಲ್ಲಿದ್ದೆವು. ಗದಗದ ಕಡೆಯ ಸಂಸಾರವೊಂದು ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂತು. ಆ ಮನೆಯ ಹುಡುಗಿ ನನ್ನದೇ ಒಂಬತ್ತನೇ ಕ್ಲಾಸು ಸೇರಿದಳು. ದಪ್ಪನೆಯ ಎರಡು ಜಡೆ, ಬಾಯಿ ತುಂಬ ಮಾತು. ಮಿಸ್ ಪ್ರಶ್ನೆ ಕೇಳಿದಾಗ ಎದ್ದು ನಿಂತು "ನನಗ ಬರತೈತ್ರೀ, ನಾ ಹೇಳ್ತೇನ್ರಿ" ಎಂದಳು. ಕ್ಲಾಸು ಗೊಳ್ಳೆಂದಿತು. ಮಿಸ್ಸೂ ನಕ್ಕರು. ಆಮೇಲೆ ಅದೇ ಒಂದು ಆಟವಾಯಿತು. ಬೇಜಾರಾದಾಗೆಲ್ಲ ಅವಳನ್ನು ಎಬ್ಬಿಸಿ ಓದಿಸುವುದು, ನಗುವುದು. ಕನ್ನಡದ ಊರಲ್ಲಿ ಕನ್ನಡ ಮಾತಾಡಿದ್ದಕ್ಕೆ!

ಅವಳ ಮಾತು ನಿಂತಿತು, ಕೈ ತಲೆಗೆ ಹೋಗತೊಡಗಿತು. ಓದುವ ಸರದಿ ಹತ್ತಿರವಾದಂತೆ ಕಿವಿಯ ಮೇಲಿನ ಕೂದಲನ್ನು ಒಂದೊಂದೇ ಎಳೆಯಾಗಿ ಬೆರಳಿಗೆ ಸುತ್ತಿ ಕೀಳುತ್ತಿದ್ದಳು. "ನೋಯಲ್ವೇನೇ?" ಎಂದು ಕೇಳಿದ್ದೆ.

"ಗೊತ್ತಾಗಂಗಿಲ್ಲ, ಕೈ ತಾನ ಹೋಗತೈತಿ. ಕಿತ್ತ ಮ್ಯಾಲೆ ಎದಿ ಹಗುರಾಗತೈತಿ" ಎಂದಳು. ತನ್ನ ಕಾಯಿಲೆಯನ್ನು ಅವಳೇ ಎರಡು ಮಾತಲ್ಲಿ ಹೇಳಿಬಿಟ್ಟಿದ್ದಳು. ಕೇಳಿಸಿಕೊಳ್ಳುವ ದೊಡ್ಡವರು ಒಬ್ಬರೂ ಇರಲಿಲ್ಲ.

ಇದ್ದವರು ನಮ್ಮಜ್ಜಿ. ದೃಷ್ಟಿಗೆ, ಉಳುಕಿಗೆ, ಕಾಮಾಲೆಗೆ ಇಡೀ ಬೀದಿಗೆ ಅವರೇ ಡಾಕ್ಟರು. ಹುಡುಗಿಯ ತಲೆ ಬಗ್ಗಿಸಿ ನೋಡಿ, "ಹುಳ ತಿಂದಿದೆ" ಎಂದು ತೀರ್ಪು ಕೊಟ್ಟರು. ಹುಳ ತಿಂದ ಜಾಗ ನುಣ್ಣಗಿರುತ್ತದೆ ಎಂದು ಅವರೇ ಹೇಳುತ್ತಿದ್ದರು. ಇಲ್ಲಿ ತುಂಡು ಕೂದಲು ಗಿಡ್ಡ ಉದ್ದವಾಗಿ ಎದ್ದು ನಿಂತಿತ್ತು.

"ಅಜ್ಜಿ, ಅವ್ಳೇ ಕಿತ್ಕೋತಾಳೆ, ನಾನ್ ನೋಡಿದೀನಿ" ಎಂದೆ.

"ಬಾಯ್ ಮುಚ್ಚೇ! ಯಾರಾದ್ರೂ ತಮ್ ಕೂದ್ಲು ತಾವೇ ಕಿತ್ಕೋತಾರಾ? ಅವ್ಳಿಗೇನು ಹುಚ್ಚಾ?"

ಆ ಮಾತಿಗೆ ಹುಡುಗಿಯ ಅಮ್ಮ ಬಿಳಿಚಿಕೊಂಡರು. "ಇಲ್ರೀ ಅಜ್ಜಿ, ಹುಳಾನ ಇರ್ಬೇಕ್ರೀ" ಎಂದರು. ಹುಚ್ಚಿಗಿಂತ ಹುಳ ವಾಸಿ ಅನಿಸಿರಬೇಕು.

ಅಜ್ಜಿ ದಿನಾ ಸಂಜೆ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ ರಕ್ತ ಜಿನುಗುವ ತನಕ ಈರುಳ್ಳಿ ಉಜ್ಜಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಗುವ ಕ್ಲಾಸಿಗೆ ಯಾರೂ ಮದ್ದು ಮಾಡಲಿಲ್ಲ. ಈರುಳ್ಳಿ ನಾತವೆಂದು ಅವಳ ಬೆಂಚಿನಿಂದ ಎಲ್ಲರೂ ಎದ್ದುಹೋದರು, ನನ್ನೊಬ್ಬಳನ್ನು ಬಿಟ್ಟು. ಕೈ ಇನ್ನೂ ಹೆಚ್ಚು ತಲೆಗೆ ಹೋಯಿತು. ಕೊನೆಗೆ ಅಜ್ಜಿ, ಮನೆದೇವರಿಗೆ ಮುಡಿ ಕೊಡಿ, ಎಲ್ಲ ಹೊಸದಾಗಿ ಬರುತ್ತದೆ ಎಂದರು. ಕೊಟ್ಟರು. ಬೋಳು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಬಂದವಳಿಗೆ ಮಿಸ್, "ಯೂನಿಫಾರ್ಮಲ್ಲಿ ಇದಿಲ್ಲ, ತೆಗಿ" ಎಂದರು. ತೆಗೆದಳು. ಕ್ಲಾಸು ಮತ್ತೆ ಗೊಳ್ಳೆಂದಿತು...

ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ. ಸ್ವಲ್ಪ ದಿನಕ್ಕೆ ಅವರು ಮನೆಯನ್ನೂ ಖಾಲಿ ಮಾಡಿದರು. ಸಾಮಾನು ತುಂಬಿದ ಟೆಂಪೋದ ಮುಂದಿನ ಸೀಟಲ್ಲಿ ಕೂತಿದ್ದಳು. ತಲೆಯಲ್ಲಿ ಕೀಳಲು ಏನೂ ಇರಲಿಲ್ಲ. ಕೈ ಹುಬ್ಬಿಗೆ ಇಳಿದಿತ್ತು.

ಅಜ್ಜಿ ತೀರಿಕೊಂಡು ವರ್ಷಗಳಾದವು. ಸತ್ತವರನ್ನು ಆಡಿಕೊಳ್ಳಬಾರದಂತೆ. ನಾನು ಆಡಿಕೊಳ್ಳುತ್ತೇನೆ. ಅಜ್ಜಿಯ ಮೇಲಿನ ಸಿಟ್ಟೂ ಆ ಮಿಸ್ ಮೇಲಿನ ಸಿಟ್ಟೂ ಇವತ್ತಿಗೂ ಇಳಿದಿಲ್ಲ. ಆ ಎರಡು ಜಡೆಯ ಜೊತೆ ಅವಳ ಮುಖ ನೆನೆಯಲು ನೋಡುತ್ತೇನೆ, ಬರುವುದಿಲ್ಲ. ಬೋಳು ತಲೆಯೇ ಬರುತ್ತದೆ. ಎಲ್ಲಿದ್ದಾಳೋ... ಇದ್ದಾಳೋ ಇಲ್ಲವೋ.

ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡು, "ಈರುಳ್ಳಿ ಕೊಡಲ್ಲ. ಮಗೂನ ಕೇಳಿದ್ರಾ?" ಎಂದೆ.

"ಏನಂತ ಕೇಳೋದ್ರೀ?"

"ಕೈ ಯಾವಾಗ ತಲೆಗೆ ಹೋಗುತ್ತೆ, ಯಾರನ್ನ ಕಂಡ್ರೆ ಭಯ ಅಂತ. ಮಕ್ಕಳ ಮನಸ್ಸಿನ ಡಾಕ್ಟ್ರು ಇದಾರೆ, ನಾನೂ ಬರ್ತೀನಿ, ಹೋಗೋಣ."

ಅವರ ಮುಖ ಬಿಗಿಯಿತು. "ಅವ್ಳೇ ಕಿತ್ಕೋತಾಳೆ ಅಂತೀರಾ? ನನ್ ಮಗಳಿಗೇನ್ರೀ ಹುಚ್ಚಾ?" ಎಂದವರೇ ತಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಂಜೆ ಅವರ ಅಡುಗೆಮನೆ ಕಿಟಕಿಯಿಂದ ಈರುಳ್ಳಿ ಘಾಟು ಬಂತು. ಜೊತೆಗೆ ಮಗು ಅಳುವ ಸದ್ದು. ಎದ್ದುಹೋಗಿ ಬಾಗಿಲು ಬಡಿದೆ. ತೆಗೆಯಲಿಲ್ಲ. ತೆಗೆಯುವ ತನಕ ಬಡಿದೆ.