ಉಪವಾಸದ ಬಾಟಲಿಗೆ ಖಜೂರಿ ನೀರು

ಅಫಜಲಪುರದ ಮಾಳಮ್ಮನ ಮನೆಯ ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದ ಪಂಚಶೀಲಾಗೆ ಸಂತೋಷ ಹೆಚ್ಚಾದರೆ ಬಿಕ್ಕಳಿಕೆ ಬರುತ್ತಿತ್ತು. ಆ ಮುಂಜಾನೆ ಬಿಕ್ಕುತ್ತಲೇ ಮೆಟ್ಟಿಲಿಳಿದು ಬಂದಳು.

"ಆಯಿ, ಶುಗರ್ ಇಳೀತ್ರಿ!"

"ಯಾರ್ದು ಬೇ? ನಂದಂತೂ ನಿನ್ನೆ ಏರಿತ್ತು," ಎಂದಳು ಸಕ್ಕರೆ ಕಾಯಿಲೆಯ ಮಾಳಮ್ಮ.

"ನಿಮ್ದಲ್ರಿ, ಬಾಟಲಿದು!"

ಅಂದು ಮಧ್ಯಾಹ್ನ ಜೇವರ್ಗಿಯ ಒಂದು ಕಾಲೇಜಿನಲ್ಲಿ ಅವಳು ಪಾಠ ಮಾಡಿ ತೋರಿಸಬೇಕಿತ್ತು. ಒಪ್ಪಿದರೆ ಜೀವಶಾಸ್ತ್ರದ ಉಪನ್ಯಾಸಕಿ. ಇಲ್ಲದಿದ್ದರೆ ತನ್ನೂರು ಹವಳಗಾಕ್ಕೆ ಮರಳಿ ಮನೆಪಾಠ. ಹಿಂದೊಮ್ಮೆ ಬೇರೆ ಕಡೆ ನಾಲಿಗೆ ಒಣಗಿ, ಪುಸ್ತಕ ಓದಿದಂತೆ ಒದರಿ ಬಂದಿದ್ದಳು. ಈ ಸಲ ಕಣ್ಣಿಗೆ ಕಾಣುವಂಥದ್ದನ್ನೇ ತೋರಿಸಬೇಕೆಂಬ ಹಟ.

ಬೇಕರಿಯ ಯೀಸ್ಟನ್ನು ಎರಡು ಬಾಟಲಿಗೆ ಹಾಕಿದ್ದಳು. ಒಂದಕ್ಕೆ ಹೊಟ್ಟೆ ತುಂಬ ಸಕ್ಕರೆ, ಇನ್ನೊಂದಕ್ಕೆ ಉಪವಾಸ. ಆಮೇಲೆ ಎರಡರ ಯೀಸ್ಟನ್ನೂ ತೊಳೆದು, ತೆಳ್ಳನೆಯ ಗ್ಲೂಕೋಸ್ ನೀರಿಗೆ ಬಿಟ್ಟು, ಯಾವುದು ಬೇಗ ಹೀರುತ್ತದೆಂದು ಮಾಳಮ್ಮನ ಶುಗರ್ ಮಷೀನಿನಲ್ಲೇ ನೋಡುವುದು. ಜೀವಕೋಶದ ಮೈಮೇಲೆ ಸಕ್ಕರೆಯನ್ನು ಒಳಗೆ ಸಾಗಿಸುವ ಪ್ರೋಟೀನುಗಳಿರುತ್ತವೆ. ಸಕ್ಕರೆ ಕಡಿಮೆಯಾದಾಗ ಕೋಶ ಸಡಿಲ ಹಿಡಿತದ ಹಳೆಯ ಪ್ರೋಟೀನುಗಳನ್ನು ಒಳಗೆಳೆದು ಕರಗಿಸಿಬಿಡುತ್ತದೆ. ಕಣದಷ್ಟಿದ್ದರೂ ಬಿಡದೆ ಹಿಡಿಯುವ ಹೊಸವುಗಳನ್ನು ಹೊರಗೆ ನಿಲ್ಲಿಸುತ್ತದೆ. ಆದ್ದರಿಂದ ಉಪವಾಸದ ಬಾಟಲಿಯೇ ಗೆಲ್ಲಬೇಕು. ಆದರೆ ಮಾಡಿದಾಗಲೆಲ್ಲ ಅದು ಸತ್ತಂತೆ ಸುಮ್ಮನೆ ಬಿದ್ದಿರುತ್ತಿತ್ತು. ಇವತ್ತು ಗೆದ್ದಿತ್ತು! ಎರಡೂ ಬಾಟಲಿಗಳಿಂದ ಕಾಲೇಜಿಗೆಂದು ಒಂದೊಂದು ಪಾಲು ಎತ್ತಿಟ್ಟ ಮೇಲೆ ಕುಣಿಯುವುದೊಂದು ಬಾಕಿ ಉಳಿದಿತ್ತು. ಅದನ್ನೂ ಅಂಗಳದಲ್ಲಿ ಮುಗಿಸಿದಳು.

"ಉಣ್ಣದೇ ಹೆಂಗ ಗೆದ್ದೀತವ್ವಾ?" ಮಾಳಮ್ಮ ನಕ್ಕಳು. "ನಾ ಖಜೂರಿ ನೀರು ಹಾಕೇನಿ, ಅದಕ್ಕ ಜೀವ ಬಂದದ."

ಬಿಕ್ಕಳಿಕೆ ಗಕ್ಕನೆ ನಿಂತಿತು. "ಏನ್ ಹಾಕೀರಿ?"

"ಬಾಜೂ ಮನಿ ಕುಲಸುಮಬಿ ಕೊಟ್ಟ ಖಜೂರಿ. ನೆನಿಸಿಟ್ಟು, ಆಗಾಗ ಒಂದೊಂದು ಚಮಚ. ನೀನs ಅಂದಿಲ್ಲ, ಇದು ಉಪಾಸ ಅಂತ?"

"ಉಪವಾಸ ಅಂದ್ರ ಏನೂ ಹಾಕಬಾರ್ದ್ರಿ ಆಯಿ!"

"ಯಾವ ಊರಿನ ಉಪಾಸ ಬೇ ಅದು? ಏಕಾದಶಿಗೆ ನಾ ಸಾಬುದಾಣಿ, ಶೇಂಗಾ, ಬಾಳೆಹಣ್ಣು ತಿನ್ನಂಗಿಲ್ಲೇನು? ಉಪಾಸ ಅಂದ್ರ ಫರಾಳ. ಏನೂ ತಿನ್ನದಿದ್ರ ಅದಕ್ಕ ಸಾಯೂದು ಅಂತಾರ."

ಪಂಚಶೀಲಾಳ ಮನೆಯಲ್ಲಿ ಹುಣ್ಣಿಮೆಯ ಉಪವಾಸವೆಂದರೆ ಮಧ್ಯಾಹ್ನ ದಾಟಿದ ಮೇಲೆ ತುತ್ತು ಅನ್ನವೂ ಇಲ್ಲ. ಒಂದೇ ಮಾತು, ಎರಡು ಮನೆ! ಈಗ ಹೊಸದಾಗಿ ಮಾಡಲು ಹೊತ್ತಿರಲಿಲ್ಲ. ಕೆಟ್ಟ ಪ್ರಯೋಗವನ್ನೇ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

ಜೇವರ್ಗಿಯಲ್ಲಿ ಇಳಿಯುತ್ತಲೇ ಟಂಟಂ ಆಟೋದವನೊಬ್ಬ ಅವಳ ಚೀಲಕ್ಕೇ ಕೈ ಹಾಕಿದ. "ಬರ್ರಿ ಅಕ್ಕೋರೇ, ಒಂದs ಸೀಟ್, ಈಗ ಬಿಡ್ತೇನಿ!" ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ.

"ಮಂದಿನೇ ಇಲ್ಲಲ್ಲೋ ಅಣ್ಣಾ?"

"ಒಬ್ರು ಇಬ್ರು ಬರ್ತಾರಂತ ನಿಂತೇನ್ರಿ. ಯಾರೂ ಬರದಿದ್ರ ನಾನ್ಯಾಕ ನಿಲ್ಲಲಿ? ಮನೀಗಿ ಹೋಗಿ ಮಲಗ್ತೇನಿ."

ಪಂಚಶೀಲಾ ರಸ್ತೆಯ ನಡುವೆಯೇ ನಿಂತುಬಿಟ್ಟಳು. ಆಮೇಲೆ ಎಷ್ಟು ಜೋರಾಗಿ ನಕ್ಕಳೆಂದರೆ ಟಂಟಂನವನು ಹೆದರಿ ಚೀಲ ಬಿಟ್ಟ.

ತರಗತಿಯಲ್ಲಿ ಅವಳು ಎರಡೂ ಬಾಟಲಿಗಳಿಗೆ ಗ್ಲೂಕೋಸ್ ನೀರು ಹಾಕಿಟ್ಟು, ಬೋರ್ಡಿನ ಮೇಲೆ ಬಸ್ ಸ್ಟ್ಯಾಂಡ್ ಬರೆದಳು. "ಮಂದಿ ನುಗ್ಗಿ ಬರೋವಾಗ ಕಂಡಕ್ಟರ್ ಯಾರನ್ನೂ ಕರೆಯೂದಿಲ್ಲ, ತಾವs ಹತ್ತತಾರ. ಸಕ್ಕರೆ ಭರಪೂರ ಇದ್ದಾಗ ಕೋಶದ ಕಥೀನೂ ಅದs. ಮಂದಿ ಕಮ್ಮಿ ಆದ್ರ ಕಂಡಕ್ಟರ್‌ಗೆ ರಜಾ, ಟಂಟಂನವ್ರು ಬರ್ತಾರ, ಚೀಲ ಹಿಡಿದು ಎಳೀತಾರ. ಒಬ್ಬರೂ ಬರಲಿಲ್ಲಂದ್ರ? ಟಂಟಂನವ್ರೂ ಮನೀಗಿ! ನಾ ಹಿಂದ ಮಾಡಿದ ಬಾಟಲಿಗೆ ಹಂಗs ಆಗಿತ್ತು. ಪೂರಾ ಉಪವಾಸ ಕೆಡವಿದ್ದೆ. ಇದಕ್ಕ ನಮ್ಮ ಮನಿ ಮಾಲಕಿ ಕದ್ದು ಕದ್ದು ಖಜೂರಿ ನೀರು ಕುಡಿಸ್ಯಾರ."

ಹುಡುಗಿಯರು ನಗು ತಡೆಯಲು ಬಾಯಿಗೆ ದುಪಟ್ಟಾ ಹಚ್ಚಿದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಪ್ರಾಂಶುಪಾಲ ಸಿದ್ದರಾಮೇಶ ಕನ್ನಡಕ ಏರಿಸಿದರು.

"ಅಂದ್ರ ನಿಮ್ಮ ಪ್ರಯೋಗ ಕೆಟ್ಟಂಗಾತಲ್ರಿ?"

ಬೇರೆ ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ನಾಲಿಗೆ ಒಣಗಿತು. "ಹೌದ್ರಿ ಸರ್, ಕೆಟ್ಟದ. ಕೆಟ್ಟಿದ್ದಕ್ಕs ನನಗ ತಿಳೀತ್ರಿ."

ಮಷೀನಿಗೆ ಹನಿ ಹಚ್ಚಿದಳು. ಹೊಟ್ಟೆ ತುಂಬಿದ ಬಾಟಲಿಯ ಅಂಕಿ ತುಸುವೇ ಇಳಿದಿತ್ತು. ಖಜೂರಿ ಬಾಟಲಿಗೆ ಅಂಕಿಯೇ ಬರಲಿಲ್ಲ. ಅಳೆಯಲಾಗದಷ್ಟು ಕಡಿಮೆಯೆಂದು ಮಷೀನು 'ಲೋ' ಎಂದಿತು.

"ಯಾರಿಗ್ರೀ ಅದು ಲೋ ಅನ್ನಾಕತ್ತದ?" ಎಂದರು ಪ್ರಾಂಶುಪಾಲರು ಗಂಭೀರವಾಗಿ. ಇಡೀ ತರಗತಿ ಬೆಂಚು ಬಡಿದು ನಕ್ಕಿತು, ಕೊನೆಗೆ ಅವರೂ. "ಸೋಮವಾರದಿಂದ ಬರ್ರಿ ಮೇಡಂ," ಎಂದರು, ಕಣ್ಣೊರೆಸಿಕೊಳ್ಳುತ್ತ.

ಹೊರಗೆ ಬಂದು ಮಾಳಮ್ಮನಿಗೆ ಫೋನು ಹಚ್ಚಿದಳು. "ಆಯಿ, ನೌಕರಿ ಸಿಕ್ತು!"

"ಸಿಗಲಿ ಬಿಡವ್ವಾ, ಛಲೋ ಆತು. ಇಲ್ಲಿ ಉಳಿದ ಉಪಾಸದ ಬಾಟಲಿಗೆ ಇವತ್ತ ಬಾಳೆಹಣ್ಣು ಹಾಕ್ಲೇನು?"