ಆಯಮ್ಮನಿಗೆ ಗೊತ್ತಿತ್ತು

ತುಮಕೂರಿನ ಒಂದು ಆಸ್ಪತ್ರೆಯಲ್ಲಿ ನಾನು ಹತ್ತೊಂಬತ್ತು ವರ್ಷ ನರ್ಸ್ ಆಗಿದ್ದೆ. ಅಷ್ಟು ವರ್ಷಗಳಲ್ಲಿ ಕೊಟ್ಟ ಇಂಜೆಕ್ಷನ್‌ಗಳಲ್ಲಿ ಒಂದರ ಬಗ್ಗೆ ಬರೆಯಬೇಕು ಎಂದು ಎಷ್ಟೋ ಸಲ ಕೂತು, ಬರೆಯಲಾಗದೆ ಎದ್ದಿದ್ದೇನೆ.

ಅದನ್ನು ಹಾಕಿಸಿಕೊಂಡವರು ಗುಬ್ಬಿ ತಾಲ್ಲೂಕಿನ ಕಡಬದವರು. ಪ್ರೈಮರಿ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದು ರಿಟೈರ್ ಆಗಿ, ಕೆರೆಯ ಕೆಳಗಿನ ತೆಂಗಿನ ತೋಟ ನೋಡಿಕೊಂಡಿದ್ದವರು. ಕಾಯಿ ಸುಲಿಯುವಾಗ ಹಾರೆ ತಗುಲಿ ಕಾಲಿಗೆ ಗಾಯವಾಗಿತ್ತು. ಅರಿಶಿನ ಹಚ್ಚಿಕೊಂಡು ವಾರ ಕಳೆದಿದ್ದರು. ಕೀವು ತುಂಬಿ, ಕಾಲು ಊದಿ, ಜ್ವರ ಬಂದ ಮೇಲೆ ಮಗ ಕರೆತಂದು ಸೇರಿಸಿದ. ಸೇರಿಸುವಾಗ, "ಯಾವುದಾದ್ರೂ ಔಷಧಿ ಆಗಲ್ವಾ ಇವರಿಗೆ?" ಎಂದು ಮಗನನ್ನು ಕೇಳಿದ್ದೆವು. "ಅಂಥದ್ದೇನಿಲ್ಲ ಸಿಸ್ಟರ್" ಎಂದ. ಹಾಗೆಯೇ ಬರೆದುಕೊಂಡೆವು. ಮೇಷ್ಟ್ರು ಪಕ್ಕದಲ್ಲೇ ಸ್ಟ್ರೆಚರ್ ಮೇಲೆ ಮಲಗಿದ್ದರು. ಜ್ವರದಲ್ಲಿ ಕಣ್ಣು ಮುಚ್ಚಿದ್ದರು ಎಂದು ಅವರನ್ನು ಎಬ್ಬಿಸಿ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರ್ ಮೇಡಂ ಔಷಧಿ ಬದಲಿಸಿದರು. ಪದ್ಧತಿಯಂತೆ ಚರ್ಮದ ಕೆಳಗೆ ಒಂದು ಹನಿ ಹಾಕಿ ಪರೀಕ್ಷೆ ಮಾಡಿದೆ. ಏನೂ ಕಾಣಲಿಲ್ಲ. ನಿಧಾನವಾಗಿಯೇ ಇಂಜೆಕ್ಷನ್ ಕೊಟ್ಟು ಮುಂದಿನ ಬೆಡ್ಡಿಗೆ ಹೋದೆ. ಎರಡು ಬೆಡ್ ದಾಟಿರಲಿಲ್ಲ, ವಾರ್ಡ್ ಒರೆಸುತ್ತಿದ್ದ ಆಯಮ್ಮ ಕೂಗಿದರು. ತಿರುಗಿ ನೋಡಿದರೆ ಮೇಷ್ಟ್ರ ಮುಖವೆಲ್ಲ ಕೆಂಪಾಗಿ ಊದುತ್ತಿತ್ತು. ಉಸಿರು ಎಳೆದುಕೊಳ್ಳಲು ಒದ್ದಾಡುತ್ತಿದ್ದರು. ಎಮರ್ಜೆನ್ಸಿ ಟ್ರೇ ಎಳೆದೆ. ಇಂಥ ಹೊತ್ತಿನಲ್ಲಿ ಮೊದಲು ಕೊಡಬೇಕಾದ ಔಷಧಿಯ ಖಾನೆ ಖಾಲಿಯಿತ್ತು. ಹಿಂದಿನ ಪಾಳಿಯವರು ಕೊನೆಯದನ್ನು ಯಾರಿಗೋ ಬಳಸಿದ್ದರು. ಬಳಸಿದ್ದು ಅವರ ತಪ್ಪಲ್ಲ. ಆದರೆ ನಮಗೆ ಹೇಳಿರಲಿಲ್ಲ, ನಾನೂ ಬಂದ ಕೂಡಲೇ ಟ್ರೇ ತೆರೆದು ನೋಡಿರಲಿಲ್ಲ. ಕೆಳಗಿನ ಫಾರ್ಮಸಿಗೆ ಮೆಟ್ಟಿಲು ಇಳಿದು ಓಡಿದೆ. ವಾಪಸು ಬಂದಾಗ ಮೇಡಂ ಬಂದು ಎದೆ ಒತ್ತುತ್ತಿದ್ದರು. ಆಯಮ್ಮ ಮೇಷ್ಟ್ರ ಕೈ ಹಿಡಿದುಕೊಂಡು ನಿಂತಿದ್ದರು.

ತಂದ ಔಷಧಿ ಕೊಟ್ಟ ಮೇಲೆ ಉಸಿರು ಮರಳಿತು. ಪ್ರಜ್ಞೆ ಮರಳಲಿಲ್ಲ. ಮೂರನೇ ದಿನ ತೀರಿಕೊಂಡರು.

ಆ ಸಂಜೆ ಬಟ್ಟೆ ಒಗೆಯುವ ಕೋಣೆಯಲ್ಲಿ ಆಯಮ್ಮ ನನ್ನನ್ನು ನಿಲ್ಲಿಸಿದರು. ನನಗಿಂತ ಹದಿನೈದು ವರ್ಷ ದೊಡ್ಡವರು, ಆದರೂ ನನ್ನೊಂದಿಗೆ ಮಾತಾಡುವಾಗ ಯಾವಾಗಲೂ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಿದ್ದರು.

"ಸಿಸ್ಟ್ರೇ, ಮೇಷ್ಟ್ರು ನಂಗೆ ಹೇಳಿದ್ರು."

"ಏನು ಹೇಳಿದ್ರು?"

"ಅವತ್ತು ಬೆಳಿಗ್ಗೆ ಬೆಡ್‌ಶೀಟ್ ಹಾಸ್ವಾಗ. ಹಿಂದೊಂದ್ ಸಲ ಗುಬ್ಬೀಲಿ ಯಾವ್ದೋ ಸೂಜಿ ಹಾಕಿದ್ರಂತೆ, ಮೈಯೆಲ್ಲ ದದ್ದು ಎದ್ದು ಉಸ್ರು ಕಟ್ಟಿತ್ತಂತೆ. ಇಲ್ಲೂ ಅದನ್ನೇ ಹಾಕ್ಬುಟ್ಟಾರು ಅಂತ ಅಂದ್ರು. ದೊಡ್ಡೋರಿಗೆ ಗೊತ್ತಿರ್ತದೆ ಬುಡಿ ಮೇಷ್ಟ್ರೇ ಅಂತಂದೆ ನಾನು."

ನನಗೆ ಕೋಪ ಬಂತು. "ಬಂದು ನನಗೆ ಹೇಳಬಾರದಿತ್ತಾ ಆಯಮ್ಮಾ?"

ಅವರು ಸೆರಗಿನಿಂದ ಕೈ ಒರೆಸಿಕೊಂಡರು. "ಹೋದ್ ವರ್ಷ ಒಂದ್ ಮಾತು ಹೇಳಕ್ ಬಂದಿದ್ದಕ್ಕೆ, ನಿನ್ ಕೆಲಸ ನೀನ್ ನೋಡ್ಕೋ ಅಂದಿದ್ರಿ ಸಿಸ್ಟ್ರೇ."

ಯಾವಾಗ ಅಂದಿದ್ದೆ, ಯಾವುದರ ಬಗ್ಗೆ, ನನಗೆ ನೆನಪೇ ಇರಲಿಲ್ಲ. ಅವರಿಗೆ ನೆನಪಿತ್ತು.

ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ, ನನ್ನ ಮಾತನ್ನೂ ಸೇರಿಸಿ. ಅವರು, "ಮನೆಯವರಿಗೆ ನಾವೇ ಹೋಗಿ ಹೇಳಬೇಕು" ಎಂದರು. ಆಸ್ಪತ್ರೆಯಲ್ಲಿ ಬೇಡವೆಂದವರೇ ಹೆಚ್ಚು. ತಿಥಿ ಕಳೆದ ಮೇಲೆ ಒಂದು ಮಧ್ಯಾಹ್ನ ಮೇಡಂ ತಮ್ಮ ಕಾರಿನಲ್ಲೇ ನನ್ನನ್ನು ಕೂರಿಸಿಕೊಂಡು ಕಡಬಕ್ಕೆ ಹೊರಟರು.

ಮೇಷ್ಟ್ರ ಹೆಂಡತಿ ನಡುಮನೆಯಲ್ಲಿ ಕೂತಿದ್ದರು. ಮೇಡಂ ಏನನ್ನೂ ಮುಚ್ಚಿಡದೆ ಹೇಳಿದರು. ಮಗ ಎದ್ದು ಹೊರಗೆ ಹೋದ. ಆ ತಾಯಿ ಬಾಗಿಲ ಕಡೆ ನೋಡುತ್ತಾ, "ಆ ಸೂಜಿ ಅವ್ರಿಗೆ ಆಗಲ್ಲ ಅಂತ ನಂಗೆ ಗೊತ್ತಿತ್ತು ಕಣಮ್ಮ. ಅವಾಗ ಇವ್ನು ಓದಕ್ಕೆ ಹಾಸ್ಟೆಲಲ್ಲಿದ್ದ, ಇವನಿಗೆಲ್ಲಿ ಗೊತ್ತು. ನನ್ನ ಯಾರೂ ಕೇಳ್ಲಿಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಉಸ್ರು ಸಿಗ್ದೆ ಒದ್ದಾಡ್ವಾಗ ಪಕ್ಕದಲ್ಲಿ ಯಾರಿದ್ರು?"

ಆಯಮ್ಮ ಕೈ ಹಿಡಿದುಕೊಂಡಿದ್ದರು ಎಂದೆ.

"ಹಿಡ್ಕಂಡಿದ್ರಾ?" ಎಂದವರು ಅಲ್ಲಿಯವರೆಗೆ ತಡೆದಿದ್ದ ಅಳುವನ್ನು ಬಿಟ್ಟರು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಹೇಳಲಿ ಎಂದು ಹೋದವರೂ ನಾವಲ್ಲ.

ಮರುವಾರದಿಂದ ಮೇಡಂ ಒಂದು ಕ್ರಮ ತಂದರು. ಮಧ್ಯಾಹ್ನ ಎರಡು ಗಂಟೆಗೆ ಡ್ಯೂಟಿ ಬದಲಾಗುವಾಗ ಹೋಗುವವರು, ಬರುವವರು, ಡಾಕ್ಟರ್, ಫಾರ್ಮಸಿಯವರು, ಆಯಮ್ಮ ಎಲ್ಲರೂ ಒಂದೊಂದು ಬೆಡ್ಡಿನ ಮುಂದೆಯೂ ನಿಲ್ಲಬೇಕು. ಟ್ರೇಯನ್ನು ಎಲ್ಲರೆದುರು ತೆರೆದು ನೋಡಬೇಕು. ರೋಗಿಯನ್ನೂ ಮನೆಯವರನ್ನೂ ಬೇರೆ ಬೇರೆಯಾಗಿ ಕೇಳಬೇಕು. ಎಲ್ಲಕ್ಕಿಂತ ಮೊದಲು ಆಯಮ್ಮ ಮಾತಾಡಬೇಕು.

ಶುರುವಿನಲ್ಲಿ ಅದೊಂದು ಮುಜುಗರ. ಮನೆಗೆ ಹೋಗುವ ಬಸ್ ತಪ್ಪುತ್ತದೆ ಎಂದು ಕೆಲವರು ಗೊಣಗಿದರು. ಸೀನಿಯರ್ ನರ್ಸ್ ಒಬ್ಬರು ಆಯಮ್ಮ ಬಾಯಿ ತೆಗೆಯುವ ಮೊದಲೇ ಗೋಡೆ ಗಡಿಯಾರ ನೋಡುತ್ತಿದ್ದರು. ಆಯಮ್ಮನೂ ಒಂದು ತಿಂಗಳು "ಏನಿಲ್ಲ ಮೇಡಂ" ಎಂದಷ್ಟೇ ಹೇಳಿ ತಲೆ ತಗ್ಗಿಸುತ್ತಿದ್ದರು. ನಾನೇ ಒಂದು ದಿನ ಎಲ್ಲರೆದುರು, "ಆಯಮ್ಮಾ, ಅವತ್ತು ನಾನು ಹಾಗೆ ಅಂದಿದ್ದು ತಪ್ಪು" ಎಂದೆ. ಮರುದಿನ ಆಯಮ್ಮ, "ಐದನೇ ಬೆಡ್ಡಿನ ಅಜ್ಜಿ ಮಾತ್ರೆ ನುಂಗ್ತಿಲ್ಲ, ದಿಂಬಿನ ಕೆಳಗೆ ಇಡ್ತವ್ರೆ" ಎಂದರು. ದಿಂಬು ಎತ್ತಿದರೆ ನಾಲ್ಕು ದಿನದ ಮಾತ್ರೆಗಳಿದ್ದವು.

ಆ ಮಳೆಗಾಲದಲ್ಲಿ ಕುಣಿಗಲ್ ಕಡೆಯ ಅಂಗನವಾಡಿ ಟೀಚರ್ ಒಬ್ಬರಿಗೆ ಗರ್ಭಕೋಶದ ಆಪರೇಷನ್ ಆಯಿತು. ಮರುದಿನ ಎರಡು ಗಂಟೆಗೆ ಅವರ ಬೆಡ್ಡಿನ ಮುಂದೆ ನಿಂತೆವು. ಗಂಟೆಯ ಹಿಂದೆ ನಾನೇ ಬಿ.ಪಿ. ನೋಡಿ ಬರೆದಿದ್ದೆ, ಸರಿಯಾಗಿಯೇ ಇತ್ತು. ಆಯಮ್ಮ ಮೆಲ್ಲಗೆ, "ಚೀಟೀಲಿ ಏನೈತೋ ನಂಗೊತ್ತಿಲ್ಲ ಮೇಡಂ. ಈಗ ಮೈ ಒರೆಸ್ದೆ. ಕೈಕಾಲು ಮಂಜಿನಂಗೆ ತಣ್ಣಗವೆ, ಬೆವರ್ತವ್ರೆ. ಬೆಳಿಗ್ಗೆ ಮಗಳ ಬಗ್ಗೆ ಚೆನ್ನಾಗ್ ಮಾತಾಡಿದ್ರು, ಈಗ ಏನೇನೋ ಹೇಳ್ತವ್ರೆ" ಎಂದರು.

ಮೇಡಂ ನಾಡಿ ಹಿಡಿದರು, ಹೊಟ್ಟೆ ಮುಟ್ಟಿದರು. "ಒಳಗೆ ರಕ್ತ ಹೋಗ್ತಿದೆ" ಎಂದರು. ಆಮೇಲೆ ಯಾರೂ ಯಾರಿಗೂ ಕೂಗಿ ಹೇಳಬೇಕಾಗಲಿಲ್ಲ, ಎಲ್ಲರೂ ಅಲ್ಲೇ ಇದ್ದೆವಲ್ಲ. ಫಾರ್ಮಸಿಯವರು ರಕ್ತನಿಧಿಗೆ ಫೋನ್ ಮಾಡುತ್ತಲೇ ಕೆಳಗೆ ಓಡಿದರು. ಗಡಿಯಾರ ನೋಡುತ್ತಿದ್ದ ಸೀನಿಯರ್ ನರ್ಸ್ ಮನೆಗೆ ಹೊರಟವರು ಬ್ಯಾಗನ್ನು ನೆಲದ ಮೇಲಿಟ್ಟು ಡ್ರಿಪ್ ಹಾಕಿದರು. ನಾನೂ ಆಯಮ್ಮನೂ ಟ್ರಾಲಿ ತಳ್ಳಿದೆವು. ಲಿಫ್ಟಿನಲ್ಲಿ ಆ ಟೀಚರ್ ಕಣ್ಣು ಮುಚ್ಚದಂತೆ ಆಯಮ್ಮ ಮಗಳ ಬಗ್ಗೆ ಕೇಳುತ್ತಲೇ ಇದ್ದರು. ಮತ್ತೆ ಹೊಟ್ಟೆ ತೆರೆದು, ಸೋರುತ್ತಿದ್ದ ರಕ್ತನಾಳವನ್ನು ಮೇಡಂ ಕಟ್ಟಿದರು. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಆಮೇಲೆ ಹೇಳಿದರು.

ಹತ್ತನೇ ದಿನ ಅವರು ಮನೆಗೆ ಹೊರಟರು. ವ್ಹೀಲ್‌ಚೇರ್ ಬೇಡವೆಂದು ಗಂಡನ ತೋಳು ಹಿಡಿದು ನಡೆದೇ ಹೋದರು. ನಾನೂ ಆಯಮ್ಮನೂ ವಾರ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಆಯಮ್ಮ ಈಗ ನನ್ನ ಪಕ್ಕದಲ್ಲೇ ನಿಂತಿದ್ದರು.

"ಅವತ್ತೂ ನಾನ್ ಬಾಯ್ಬಿಟ್ಟಿದ್ರೆ ಮೇಷ್ಟ್ರೂ ಹಿಂಗೇ ನಡ್ಕಂಡ್ ಹೋಗೋರು, ಅಲ್ವಾ ಸಿಸ್ಟ್ರೇ?" ಎಂದರು.

ಇಲ್ಲ ಎಂದು ಸುಳ್ಳು ಹೇಳಲಾಗಲಿಲ್ಲ. "ಹೂಂ ಆಯಮ್ಮಾ. ನಾನು ಕೇಳಿಸಿಕೊಳ್ಳೋ ಹಾಗಿದ್ದಿದ್ದರೆ" ಎಂದೆ.

ಅವರು ತಲೆಯಾಡಿಸಿ, ಖಾಲಿಯಾದ ಬೆಡ್ಡಿನ ಶೀಟ್ ತೆಗೆಯಲು ಒಳಗೆ ಹೋದರು. ನಾನೂ ಹೋಗಿ ಇನ್ನೊಂದು ತುದಿ ಹಿಡಿದುಕೊಂಡೆ.