ಒಗೆಯುವ ಕಲ್ಲಿನ ತನಕ

ಅಕ್ಕೋರ ಕಾಲಿಗೆ ಗಂಡನ ಕ್ಯಾನ್ವಾಸ್ ಬೂಟು. ಸೈಜು ದೊಡ್ಡದು, ಅದಕ್ಕೇ ಒಳಗೆ ಎರಡೆರಡು ಜೊತೆ ಕಾಲುಚೀಲ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಉದ್ದ ಹಿಡಿಯ ಮರದ ಕೊಡತಿಯನ್ನು ಬಲಗಾಲಿನ ಪಕ್ಕ ಒಮ್ಮೆ ತೂಗಿ ನೋಡಿ ಚೆಂಡಿಗೆ ಹೊಡೆಯುತ್ತಿದ್ದರು. ಟಕ್ ಎಂಬ ಆ ಸದ್ದು ಗೋಡೆ ದಾಟಿ ಬಂದರೆ ನಮ್ಮ ಮನೆಯಲ್ಲಿ ಚಹಾಕ್ಕೆ ನೀರಿಡುತ್ತಿದ್ದರು.

ನಮ್ಮ ಕಡೆ ಹೆಣ್ಣುಮಕ್ಕಳು ಪಾಠ ಹೇಳಿದರೆ ಅವರು ಊರಿಗೆಲ್ಲ ಅಕ್ಕೋರು. ಇವರು ಗಂಗಾವತಿಯಲ್ಲಿ ನಮ್ಮ ಪಕ್ಕದ ಮನೆಯವರು, ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು. ಸತ್ತವರನ್ನೆಲ್ಲ ದೇವರು ಮಾಡುವ ಚಟ ನನಗಿಲ್ಲ. ಅಕ್ಕೋರು ಸಿಡುಕಿ, ಹಟಮಾರಿ. ಅರ್ಧ ಮಾರ್ಕು ಕೊಡಬೇಕಾದರೂ ಆಸ್ತಿ ಬರೆದುಕೊಟ್ಟಂತೆ ಆಡುತ್ತಿದ್ದರು. ನಾನು ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪು ಹಿಡಿದು ಬಂದರೆ, "ಏನ್ ವಕೀಲರ, ಇವತ್ತ ಯಾರ ಬಾಯಿ ಮುಚ್ಚಿಸಿ ಬಂದ್ರಿ?" ಎನ್ನುತ್ತಿದ್ದರು.

ಅವರಾಡುತ್ತಿದ್ದ ಆಟ ಕ್ರೋಕೆ. ಯಾರೋ ಶಾಲೆಗೆ ದಾನ ಕೊಟ್ಟಿದ್ದ ಸೆಟ್ಟು. ಏನೆಂದು ಯಾರಿಗೂ ತಿಳಿಯದೆ ಆಟದ ಸಾಮಾನಿನ ಕೋಣೆಯಲ್ಲಿ ಧೂಳು ತಿನ್ನುತ್ತಿತ್ತು. ನಿವೃತ್ತರಾಗುವಾಗ ಕೇಳಿ ತಂದರು, ಮೊಬೈಲಿನಲ್ಲಿ ನೋಡಿ ಕಲಿತರು. ನೆಲದಲ್ಲಿ ನೆಟ್ಟ ಕಬ್ಬಿಣದ ಕಮಾನುಗಳಿಗೆ ಅವರ ಭಾಷೆಯಲ್ಲಿ ಗೇಟು. ಸರದಿಯಂತೆ ಹೊಡೆಯಬೇಕು; ಯಾರ ಚೆಂಡು ಮೊದಲು ಗೇಟು ದಾಟುತ್ತದೋ ಅವರಿಗೆ ಪಾಯಿಂಟು, ಆಮೇಲೆ ಇಬ್ಬರೂ ಮುಂದಿನ ಗೇಟಿಗೆ. ಬೇಕಿದ್ದರೆ ಎದುರಾಳಿಯ ಚೆಂಡಿಗೆ ಗುದ್ದಿ ದೂರ ಅಟ್ಟಬಹುದು. ಅಟ್ಟಿಸಿಕೊಂಡವರು ಅಲ್ಲಿಗೇ ನಡೆದುಹೋಗಿ ಅಲ್ಲಿಂದಲೇ ಆಡಬೇಕು.

ಎದುರಾಳಿ ಕಾಕಾ, ಅಕ್ಕೋರ ಗಂಡ. ಅಕ್ಕಿ ಗಿರಣಿಯಲ್ಲಿ ಮೆಕ್ಯಾನಿಕ್ ಆಗಿದ್ದವರು. ಲಕ್ವಾ ಹೊಡೆದು ಎಡಗೈ, ಎಡಗಾಲು ಸೋತಿದ್ದವು. ನಡೆಯದಿದ್ದರೆ ಇರುವಷ್ಟು ಕಾಲೂ ಹೋಗುತ್ತದೆ ಎಂದಿದ್ದರು ಡಾಕ್ಟರು. "ನಡದು ಎಲ್ಲಿಗೆ ಹೋಗಬೇಕಾಗೇತಿ ನಾ?" ಎಂದು ಕಾಕಾ ಕುರ್ಚಿಯಲ್ಲೇ ಬೇರು ಬಿಟ್ಟಿದ್ದರು. ಆದರೆ ಹೆಂಡತಿಯ ಎದುರು ಸೋಲುವುದೆಂದರೆ ಅವರಿಗೆ ಮೈಯೆಲ್ಲ ಉರಿ. ಒಂದೇ ಕೈಯಲ್ಲಿ ಕೊಡತಿ ಹಿಡಿದು ಆಡಲು ಇಳಿದರು.

ಒಂದು ಸಂಜೆ ಗೋಡೆಗೆ ಒರಗಿ ನೋಡುತ್ತಿದ್ದೆ. ಅಕ್ಕೋರ ಚೆಂಡಿನ ಮುಂದೆಯೇ ಗೇಟು. ಅದನ್ನು ಬಿಟ್ಟು ಕಾಕಾರ ಚೆಂಡಿಗೆ ಬಡಿದರು. ಅದು ಹಿತ್ತಲಿನ ಕೊನೆಯ ಒಗೆಯುವ ಕಲ್ಲಿಗೆ ಹೋಗಿ ತಾಗಿತು.

"ಏ ಅಕ್ಕೋರ! ಗೇಟು ಅಲ್ಲೈತಿ. ನನ್ನ ಬೆನ್ನ ಯಾಕ ಹತ್ತಿದಿ?" ಎಂದು ಬೈಯುತ್ತ ಕಾಕಾ ಕಾಲೆಳೆದುಕೊಂಡು ಹೊರಟರು.

ನನಗೆ ತಡೆಯಲಾಗಲಿಲ್ಲ. "ಅಕ್ಕೋರ, ಇದು ಅನ್ಯಾಯ ಆತ್ರಿ. ಅವರ ಕಾಲು ನೋಡಿ ಹೊಡೀರಿ."

"ಕಾಲು ನೋಡೇ ಹೊಡ್ಯಾಕತ್ತೀನಿ," ಎಂದರು, ತಿರುಗಿಯೂ ನೋಡದೆ.

ನಾನು ಸುಮ್ಮನಿರುವ ಜಾತಿಯಲ್ಲ. "ಹಿತ್ತಲಾಗ ಗಂಡನ್ನ ಸೋಲಿಸೂದು ಆಟ ಅಲ್ರಿ, ಸಂಸಾರ. ಖರೇ ಆಟಗಾರರ ಎದುರು ಆಡಿ ತೋರಿಸ್ರಿ," ಎಂದೆ. ಹೈದರಾಬಾದಿನ ಕ್ಲಬ್ಬೊಂದರಲ್ಲಿ ಯಾರು ಬೇಕಾದರೂ ಆಡಬಹುದಾದ ಪಂದ್ಯಾವಳಿ ಇತ್ತು; ಮೊಬೈಲಿನಲ್ಲಿ ಹುಡುಕಿ ತೋರಿಸಿದೆ. ಅಕ್ಕೋರು ಬೈಯುತ್ತಾರೆಂದುಕೊಂಡಿದ್ದೆ. "ಒಮ್ಮೆ ನೋಡೂಣೇನು?" ಎಂದರು. ಆ ದನಿಯಲ್ಲಿ ಅಂಥ ಆಸೆಯನ್ನು ನಾನು ಎಂದೂ ಕೇಳಿರಲಿಲ್ಲ. ಕಾಕಾರನ್ನು ನೋಡಿಕೊಳ್ಳಲು ನಾದಿನಿಯನ್ನು ಕರೆಸಿ, ನನ್ನನ್ನು ಜೊತೆಗೆ ಕರೆದುಕೊಂಡು ಬಸ್ಸು ಹತ್ತಿದರು.

ಅಲ್ಲಿ ಹುಲ್ಲು ಜಮಖಾನೆಯಂತಿತ್ತು. ಗೇಟುಗಳೋ, ಚೆಂಡು ಉಸಿರು ಬಿಗಿಹಿಡಿದು ದಾಟಬೇಕು, ಅಷ್ಟು ಇಕ್ಕಟ್ಟು. ಬಿಳಿ ಬಟ್ಟೆಯವರ ನಡುವೆ ಕಾಕಾರ ಬೂಟು ಹಾಕಿಕೊಂಡ ಅಕ್ಕೋರು ಮೊದಲ ಪಂದ್ಯ ಗೆದ್ದರು. ದೂರದ ಚೆಂಡಿಗೆ ಗುದ್ದುವುದರಲ್ಲಿ ಅವರನ್ನು ಮೀರಿಸುವವರು ಅಲ್ಲಿರಲಿಲ್ಲ. ಎರಡನೆಯದರಲ್ಲಿ ಎದುರಾಳಿ ಮಿಲಿಟರಿಯ ನಿವೃತ್ತ ಅಧಿಕಾರಿ. ಸಮ ಸಮ, ಉಳಿದದ್ದು ಕೊನೆಯ ಗೇಟು. ಅಕ್ಕೋರ ಚೆಂಡು ಅದರ ಬಾಯಲ್ಲೇ ನಿಂತಿತ್ತು. ಮೆಲ್ಲಗೆ ತಟ್ಟಿದ್ದರೆ ಮುಗಿಯಿತು.

ಅವರು ಗೇಟನ್ನು ನೋಡಿದರು. ತಿರುಗಿ ನಿಂತು ಆ ಅಧಿಕಾರಿಯ ಚೆಂಡಿಗೆ ಹೊಡೆದರು. ಅದು ಮೈದಾನದ ಅಂಚಿಗೆ ಹೋಯಿತು, ಜನ ಚಪ್ಪಾಳೆ ತಟ್ಟಿದರು. ಆದರೆ ಗುದ್ದಿದ ಅಕ್ಕೋರ ಚೆಂಡೂ ಗೇಟಿನಿಂದ ದೂರ ಸರಿದಿತ್ತು. ಆತ ಸಾವಕಾಶ ನಡೆದುಹೋಗಿ ಅಲ್ಲಿಂದ ಹೊಡೆದ ಚೆಂಡು ಗೇಟಿನ ಎದುರಿಗೇ ಬಂದು ನಿಂತಿತು. ಅಕ್ಕೋರ ಹೊಡೆತ ಕಬ್ಬಿಣಕ್ಕೆ ತಾಗಿ ಸಿಡಿಯಿತು. ಆತ ದಾಟಿದ.

ವಾಪಸು ಬರುವ ಬಸ್ಸಿನಲ್ಲಿ ನಾನು ಬಿಡಲಿಲ್ಲ. "ಗೇಟು ಬಾಯಿ ತಕ್ಕೊಂಡು ನಿಂತಿತ್ತಲ್ರಿ! ಯಾಕ?"

ಅಕ್ಕೋರು ಕಿಟಕಿಯ ಗಾಜು ಸರಿಸಿದರು. "ಮನ್ಯಾಗ ಗೇಟು ದಾಟಿಕೋತ ಹೋದೆ ಅಂದ್ರ ಆಟ ಲಗೂನ ಮುಗೀತೈತಿ. ಆಟ ಮುಗೀತಂದ್ರ ಅವರು ಹೋಗಿ ಕುರ್ಚಿ ಹಿಡೀತಾರ. ಕೈಗೆ ಅದ ರೂಢಿ ಆಗೇತಿ." ಮತ್ತೆ, "ವಾದ ಮಾಡಬ್ಯಾಡ ಇನ್ನ. ಭಾಳ ದಣದೀನಿ," ಎಂದು ಬೂಟಿನ ಲೇಸು ಬಿಚ್ಚಿದರು.

 

ಮತ್ತೆ ಅದೇ ಹಿತ್ತಲು, ಅದೇ ಜಗಳ. ಬರುಬರುತ್ತ ಅಕ್ಕೋರಿಗೆ ದಮ್ಮು ಹತ್ತತೊಡಗಿತು. ಸರದಿಯ ನಡುವೆ ಕೊಡತಿಯ ಮೇಲೆ ಗಲ್ಲ ಊರಿ, "ಸಾಕಾಗೇತಿ ನೋಡು," ಎನ್ನುವರು. ಸರದಿ ಬಂದರೆ ಒಗೆಯುವ ಕಲ್ಲಿಗೇ ಅಟ್ಟುವರು. ಈ ಬೇಸಿಗೆಯಲ್ಲಿ, ನಿದ್ದೆಯಲ್ಲೇ ಹೋದರು.

ಕಾಕಾ ಮತ್ತೆ ಕುರ್ಚಿ ಹಿಡಿದರು. ಯಾರು ಹೇಳಿದರೂ ಏಳಲಿಲ್ಲ. ಮೊನ್ನೆ ನಾನು ಅಕ್ಕೋರ ಕೊಡತಿ ತೆಗೆದುಕೊಂಡು ಹೋಗಿ ಎದುರಿಗೆ ನಿಂತೆ. ಊರ ಅಕ್ಕಿ ಗಿರಣಿಗಳಿಂದ ಹಾರಿ ಬಂದ ಭತ್ತದ ಹೊಟ್ಟಿನ ಬೂದಿ ಗೇಟುಗಳ ಮೇಲೆ ಕೂತಿತ್ತು. ಬಹಳ ಹೊತ್ತಿನ ಮೇಲೆ, ನನ್ನ ಕಾಟ ತಡೆಯಲಾರದೆ ಎದ್ದರು. ನನ್ನ ಸರದಿಯಲ್ಲಿ ಅವರ ಚೆಂಡಿಗೆ ಮೆಲ್ಲಗೆ ತಾಗಿಸಿದೆ. ಅದು ಅವರ ಕಾಲಬುಡದಲ್ಲೇ ಹೊರಳಿತು.

"ಇದೇನು ಹೊಡತ? ಕೂಸು ಆಡಸಾಕತ್ತೀ ಏನು?" ಎಂದು ಗದರಿದರು. ಮತ್ತೆ, "ನಡಿಯೂದು ನನಗ ಎಂದೂ ಸೇರಿಲ್ಲ. ಅಕಿ ಹೊಡೀತಿದ್ಲು, ನಾ ಹೋಗ್ತಿದ್ದೆ," ಎಂದರು.

"ಬೇಕಂತ ಹೊಡೀತಾರ ಅಂತ ಗೊತ್ತಿತ್ತೇನ್ರಿ?"

"ನನಗ ಲಕ್ವಾ ಹೊಡದದ್ದು ಕೈಕಾಲಿಗೆ, ತಲಿಗೆ ಅಲ್ಲ. ಆಡು."

ಅವರು ಆಡಿದರು, ನನ್ನ ಸರದಿ ಬಂತು. ಗೇಟು ನನ್ನ ಎದುರಿಗೇ ಇತ್ತು. ತಿರುಗಿ ನಿಂತು, ಇದ್ದ ಬಲವನ್ನೆಲ್ಲ ಹಾಕಿ ಅವರ ಚೆಂಡಿಗೆ ಹೊಡೆದೆ. ಅದು ಒಗೆಯುವ ಕಲ್ಲಿಗೆ ಹೋಗಿ ತಾಗಿತು.  ಕಾಕಾ ನನ್ನನ್ನೂ, ನನ್ನ ವಂಶವನ್ನೂ ಬೈಯುತ್ತ, ಕಾಲೆಳೆದುಕೊಂಡು ಆ ಕಡೆ ಹೊರಟರು.